ಬೀಡಿ ಬಿಡಿಸೋದಕ್ಕೂ ತರಬೇತಿನಾ?

ನಿಪ್ಪಾಣಿ ಹತ್ತಿರದ ಸರ್ಕಾರಿ ಆಸ್ಪತ್ರೆಯ ನರ್ಸ್ ಒಬ್ಬರು ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ.

"ಒಂದು ದಿನದ ತರಬೇತಿಗೆ ಬೆಳಗಾವಿಗೆ ಕಳಿಸಿದ್ದರು. ಬಂದ ರೋಗಿಗಳನ್ನೆಲ್ಲ ಬೀಡಿ ಸೇದ್ತೀರಾ ಅಂತ ಕೇಳಬೇಕಂತೆ. ತಂಬಾಕಿನ ಊರಲ್ಲಿ ಹೀಗೆ ಕೇಳಿದರೆ ಜನ ನಗುತ್ತಾರೆ. ಒಬ್ಬ ಅಜ್ಜ, 'ಇದನ್ನ ಬಿಟ್ರ ಮುಂಜಾನಿ ಹೊಟ್ಟಿ ಸಾಫ್ ಆಗೂದಿಲ್ರಿ ಸಿಸ್ಟರ' ಅಂದರು. ನಮ್ಮ ಡಾಕ್ಟರೇ ಹಿತ್ತಲಿಗೆ ಹೋಗಿ ಸೇದುತ್ತಾರೆ. ಬಿಡಿ ಅಂತ ಹೇಳೋದಕ್ಕೆ ತರಬೇತಿ ಯಾಕೆ?"

ಸಿಸ್ಟರ್, ಬಿಡಿ ಅಂತ ಹೇಳೋದಕ್ಕೆ ತರಬೇತಿ ಬೇಡವೇ ಬೇಡ. ಅಷ್ಟನ್ನು ಪ್ಯಾಕೆಟ್ ಮೇಲಿನ ಚಿತ್ರವೇ ಹೇಳುತ್ತದೆ. ನಾನೂ 18 ವರ್ಷ ಸೇದಿದವನು. ಒಮ್ಮೆ ಕೆಮ್ಮು ಅಂತ ಹೋದಾಗ ಡಾಕ್ಟರು ಚೀಟಿ ಬರೆಯುತ್ತಲೇ, ತಲೆ ಎತ್ತದೆ, "ಸಿಗರೇಟ್ ಬಿಡ್ರಿ" ಅಂದರು. ಹೊರಗೆ ಬಂದವನೇ ಪಾನ್ ಅಂಗಡಿಯಲ್ಲಿ ಒಂದು ಹಚ್ಚಿದೆ. ಬಿಡಬೇಕು ಅಂತ ನನಗೂ ಇತ್ತು. ಹೇಗೆ ಅಂತ ಯಾರೂ ಹೇಳಲಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಿಡುವ ಯೋಚನೆ ಇದೆ ಅಂದಿದ್ದರು. ನಿಮ್ಮ ಮುಂದೆ ನಗುವವರಲ್ಲೂ ಅಂಥವರು ಇದ್ದೇ ಇರುತ್ತಾರೆ.

ಆ ಅಜ್ಜ ಸುಮ್ನೆ ನೆಪ ಹೇಳಿಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಬಿಟ್ಟ ಹೊಸದರಲ್ಲಿ ಮಲಬದ್ಧತೆ ಆಗೋದು ನಿಜ. "ಹೌದು ಅಜ್ಜಾರ, ಕೆಲವು ವಾರ ಹಂಗ ಆಗ್ತದ, ನೀರು ಜಾಸ್ತಿ ಕುಡೀರಿ, ತಪ್ಪಲ ಪಲ್ಯ ತಿನ್ರಿ" ಅಂದು ನೋಡಿ. ತನ್ನ ಕಷ್ಟ ಇವರಿಗೆ ಗೊತ್ತು ಅಂತ ಅನ್ನಿಸಿದರೆ ಮನುಷ್ಯ ಮುಂದಿನ ಮಾತು ಕೇಳುತ್ತಾನೆ. ತರಬೇತಿಯಲ್ಲಿ ಕಲಿಯಬೇಕಾದದ್ದು ಇದೇ.

ಇನ್ನೊಂದು ಪ್ರಶ್ನೆ ಕಲಿಸಿರಬೇಕು: ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ? ಅರ್ಧ ಗಂಟೆಯೊಳಗೆ ಅಂದರೆ ಚಟ ಗಟ್ಟಿ ಅಂತ ಲೆಕ್ಕ. ಅಂಥವರಿಗೆ ಬರೀ ಮಾತು ಸಾಲದು, ನಿಕೋಟಿನ್ ಗಮ್‌ನಂಥದ್ದು ಬೇಕಾಗಬಹುದು. ಅದನ್ನು ಚ್ಯೂಯಿಂಗ್ ಗಮ್ ಥರ ಜಗಿಯಬಾರದು. ನಿಧಾನ ಜಗಿದು, ಚುರುಚುರು ಅಂದಾಗ ದವಡೆಗೆ ಒತ್ತಿ ಇಟ್ಟುಕೊಳ್ಳಬೇಕು. ತಂಬಾಕು ದವಡೆಗಿಟ್ಟು ಗೊತ್ತಿರುವ ನಮ್ಮ ಕಡೆ ಜನಕ್ಕೆ ಇದನ್ನು ಹೇಳಿಕೊಡೋದು ಬಹಳ ಸುಲಭ! ಆದರೆ ಬೀಡಿ ಬಿಟ್ಟವರು ಗುಟ್ಕಾ ಹಿಡಿಯದ ಹಾಗೆ ನೋಡಿಕೊಳ್ಳಿ.

ಬಿಡುವ ದಿನ ಅವರೇ ಗೊತ್ತು ಮಾಡಲಿ. ಮೊದಲ ಎರಡು ಮೂರು ದಿನ ಸಿಟ್ಟು, ಚಡಪಡಿಕೆ ಜೋರಾಗಿರುತ್ತದೆ ಅಂತ ಮೊದಲೇ ಹೇಳಿಬಿಡಿ, ಮನೆಯವರಿಗೂ ಹೇಳಿ. ವಾರದೊಳಗೆ ಒಂದು ಫೋನ್ ಮಾಡಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಇದೆ, ಕರೆಗೆ ದುಡ್ಡಿಲ್ಲ.

ಊರಿನ ಮಾತು ಬೇರೆ. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯಲ್ಲಿ ಕೂತ ಊರು ನಿಮ್ಮದು. ಎಷ್ಟೋ ಮನೆಯ ಒಲೆ ಉರಿಯೋದು ಹೆಣ್ಣುಮಕ್ಕಳು ಬೀಡಿ ಕಟ್ಟಿದ ಕೂಲಿಯಿಂದ. ಹೊಟ್ಟೆಪಾಡನ್ನು ಬೈದು ಮಾತು ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಬೆಳೆಯ ಸುದ್ದಿ ನಿಮಗೆ ಬೇಡ, ಎದುರು ಕೂತವರ ಎದೆಯ ಸುದ್ದಿ ಸಾಕು.

ಇನ್ನು ನಿಮ್ಮ ಡಾಕ್ಟರು. ಅವರನ್ನು ಆಡಿಕೊಳ್ಳಬೇಡಿ, ಅವರಿಗೂ ಚಟವೇ ಅಲ್ವಾ? ಬಿಡುವಾದಾಗ ಒಂದು ಚಹಾ ಕೊಟ್ಟು, ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಅಂತ ಮೆಲ್ಲಗೆ ಕೇಳಿ ನೋಡಿ.

- ಸಂ.