ಮಂತ್ರಕ್ಕೂ ಬೆಲೆ ತೆರಬೇಕು

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಸಿಕ್ಕರೆ ಊಟಕ್ಕೂ ಏಳುವುದಿಲ್ಲ. ಈ ಬಗೆಯ ಬರಹದಲ್ಲಿ ನಿಮಗೆ ತುಂಬ ಹಿಡಿಸಿದ ಲೇಖಕರು ಯಾರು? ಅವಳಿಗೆ ಯಾರನ್ನು ಕೊಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಉರ್ಸುಲಾ ಲೆ ಗ್ವಿನ್. ಈ ಪ್ರಶ್ನೆಗೆ ನಾನು ಮೊದಲು ಹೇಳುವ ಹೆಸರು ಯಾವಾಗಲೂ ಇದೇ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಕೆದಕುವಾಗ ಇವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಸಿಕ್ಕಿತು. ಅವರ ಹೆಸರನ್ನೇ ಆವರೆಗೆ ಕೇಳಿರಲಿಲ್ಲ. ಬಸ್ಸಿನಲ್ಲಿ ಓದೋಕಾಗುತ್ತೆ ಅಂತ ಸುಮ್ನೆ ತಗೊಂಡೆ.

1968ರ ಪುಸ್ತಕ ಅದು. ಬರೀ ದ್ವೀಪಗಳಿರುವ ಲೋಕ. ಗೆಡ್ ಅನ್ನುವ ಆಡು ಕಾಯುವ ಹುಡುಗ ಮಂತ್ರ ಕಲಿಯಲು ರೋಕ್ ದ್ವೀಪದ ಶಾಲೆಗೆ ಹೋಗುತ್ತಾನೆ. ಸಹಪಾಠಿಯೊಬ್ಬನ ಮೇಲಿನ ಹಠಕ್ಕೆ ಸತ್ತವಳೊಬ್ಬಳನ್ನು ಕರೆಯುತ್ತಾನೆ. ಅವಳ ಹಿಂದೆಯೇ ಒಂದು ಕರಿ ನೆರಳು ನುಗ್ಗಿ ಬಂದು ಅವನ ಮುಖ ಸೀಳುತ್ತದೆ. ಸತ್ತವರ ಲೋಕಕ್ಕೆ ಹೀಗೆ ತೆರೆದುಕೊಂಡ ಬಿರುಕು ಮುಚ್ಚಲು ಶಾಲೆಯ ಹಿರಿಯ ಗುರು ಪ್ರಾಣವನ್ನೇ ಕೊಡಬೇಕಾಗುತ್ತದೆ. ಅಲ್ಲಿ ಯಾವ ಮಂತ್ರವೂ ಪುಕ್ಕಟೆಯಲ್ಲ. ರೋಕ್‌ನಲ್ಲಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬರಬಹುದು. ನನಗೆ ಲೆ ಗ್ವಿನ್ ಇಷ್ಟವಾದದ್ದು ಇದಕ್ಕೇ. ಕಲ್ಪನೆ ಎಷ್ಟೇ ದೂರ ಹೋಗಲಿ, ಮಾಡಿದ್ದರ ಲೆಕ್ಕ ತೀರಲೇಬೇಕು. ಗೆಡ್‌ನ ಮೈಬಣ್ಣ ತಾಮ್ರದ್ದು ಅನ್ನುವುದನ್ನೂ ಹೇಳಬೇಕು. ನಮ್ಮ ಮಕ್ಕಳು ಓದುವ ಇಂಗ್ಲಿಷ್ ಫ್ಯಾಂಟಸಿಯಲ್ಲಿ ಅಂಥ ನಾಯಕ ಅಪರೂಪ, ಅಲ್ವಾ?

ಲೆ ಗ್ವಿನ್ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ಬೇರೆ ಜನರ ಬದುಕನ್ನು ಗೌರವದಿಂದ ನೋಡುವ ಗುಣ ಮಗಳಿಗೆ ಮನೆಯಿಂದಲೇ ಬಂದಿರಬೇಕು. 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ನಲ್ಲಿ ಹುಟ್ಟಾ ಗಂಡೂ ಅಲ್ಲದ, ಹೆಣ್ಣೂ ಅಲ್ಲದ ಜನರಿದ್ದಾರೆ. ಅಲ್ಲಿ ದೊರೆಯೇ ಬಸಿರಾಗಬಹುದು!

ಇನ್ನೊಬ್ಬರು ಆಕ್ಟೇವಿಯಾ ಬಟ್ಲರ್. ತಾಯಿ ಮನೆಗೆಲಸ ಮಾಡುತ್ತಿದ್ದರು. ಬಟ್ಲರ್ ಕೂಡ ಪಾತ್ರೆ ತೊಳೆದು, ಆಲೂಗಡ್ಡೆ ಚಿಪ್ಸ್ ತಪಾಸಣೆ ಮಾಡಿ, ನಸುಕಿಗಿಂತ ಮೊದಲೇ ಎದ್ದು ಬರೆದವರು. ‘ಕಿಂಡ್ರೆಡ್’ (1979) ಕಾದಂಬರಿಯಲ್ಲಿ 1976ರ ಕಪ್ಪು ಹೆಣ್ಣುಮಗಳು ಡೇನಾ, ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಎಳೆಯಲ್ಪಡುತ್ತಾಳೆ. ಗುಲಾಮರ ಒಡೆಯನ ಮಗನನ್ನು ಮತ್ತೆ ಮತ್ತೆ ಸಾವಿನಿಂದ ಉಳಿಸಬೇಕು. ಯಾಕೆಂದರೆ ಅವನು ಅವಳದೇ ಪೂರ್ವಜ. ಅವನು ಸತ್ತರೆ ಇವಳ ವಂಶವೇ ಇಲ್ಲ. ಓದುವಾಗ ನನಗೆ ಕೋಪ, ಸಂಕಟ ಎರಡೂ ತಡೆಯಲಾಗಲಿಲ್ಲ.

ಮಗಳಿಗೆ ವಿಜ್ಞಾನ ಇಷ್ಟವಾದರೆ ಆರ್ಥರ್ ಕ್ಲಾರ್ಕ್ ಇದ್ದೇ ಇದ್ದಾರೆ. ಶ್ರೀಲಂಕಾದಲ್ಲೇ ನೆಲೆಸಿದ್ದವರು. ಆಕಾಶಕ್ಕೆ ಲಿಫ್ಟ್ ಕಟ್ಟುವ ಕಥೆಗಾಗಿ ಆ ದ್ವೀಪವನ್ನೇ ಭೂಮಧ್ಯರೇಖೆಗೆ ಎಳೆದು ತಂದರು. ಅಂಥ ಲಿಫ್ಟಿಗೆ ಅದೇ ಸರಿಯಾದ ಜಾಗ!

ಈಗ ಅರ್ತ್‌ಸೀಯ ಮೊದಲ ಮೂರು ಪುಸ್ತಕ ಕೊಡಿ, ಅದೇ ಕ್ರಮದಲ್ಲಿ. ನಾಲ್ಕನೆಯದು, ‘ಟೆಹಾನು’, ಪಿಯುಸಿಗೆ ಬಂದ ಮೇಲೆ. ಅದರಲ್ಲಿ ಮಗುವಿನ ಮೇಲೆ ನಡೆದ ಕ್ರೌರ್ಯವಿದೆ. ‘ಕಿಂಡ್ರೆಡ್’ ಕೂಡ ಆಗಲೇ. ಅದನ್ನು ಮೊದಲು ನೀವು ಓದಿ.