ನೀರಿಲ್ಲದ ಕಾಲುವೆಯ ಹೂಳು

ಸಹೋದರಿ, ಮೂರು ಸಲ ಪರೀಕ್ಷೆ ಬರೆದರೂ ಶಿಕ್ಷಕಿಯ ಕೆಲಸ ಸಿಗಲಿಲ್ಲ, ದಾವಣಗೆರೆಯ ಬಾಡಿಗೆ ಕೋಣೆಯಲ್ಲಿ ಪ್ರಾರ್ಥಿಸಲೂ ಮನಸ್ಸಾಗುತ್ತಿಲ್ಲ, ದೇವರು ಕೈಬಿಟ್ಟನೇ ಎಂದು ಕೇಳಿದ್ದೀರಿ. ಓದಿ ಹೊಟ್ಟೆ ಚುರುಕ್ಕೆಂದಿತು.

ನಮ್ಮದು ಹಿರಿಯೂರಿನ ಕಡೆ ತೆಂಗಿನ ತೋಟ. 2017ರ ಬೇಸಿಗೆಯಲ್ಲಿ ಮರಗಳ ಸುಳಿ ಒಣಗಿದಾಗ ನಾನೂ ದೇವರೊಡನೆ ಮಾತು ಬಿಟ್ಟಿದ್ದೆ. ಅಪ್ಪ ಮಾತ್ರ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಸಲಿಕೆ ಹಿಡಿದು, ನೀರೇ ಹರಿಯದ ಕಾಲುವೆಯ ಹೂಳೆತ್ತಲು ಹೋಗುತ್ತಿದ್ದರು. ಯಾಕೆಂದು ರೇಗಿದರೆ, “ನೀರು ಬಂದ ದಿನ ಹೂಳೆತ್ತಲು ಪುರುಸೊತ್ತು ಇರುವುದಿಲ್ಲ” ಎನ್ನುತ್ತಿದ್ದರು. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಂದು ಅಪ್ಪ ಚಪ್ಪಲಿ ಕಳಚಿ, ನೀರನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಒಣಗಿದ ಮರಗಳು ತಿರುಗಿ ಬರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹೊಸ ಸಸಿ ನೆಟ್ಟೆವು.

ಹಾಗಾಗಿ ಇದೇ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ. ದೇವರು ತೋರಿಸುವ ದಾರಿ ಬೇರೆಯದೂ ಇರಬಹುದು. ಆದರೆ ಕೈಬಿಟ್ಟಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೇನೆ. ಪ್ರಾರ್ಥನೆಗೆ ಮಾತು ಬರದಿದ್ದರೆ ಸುಮ್ಮನೆ ದೀಪ ಹಚ್ಚಿ ಕುಳಿತುಕೊಳ್ಳಿ, ಅಳು ಬಂದರೆ ಅತ್ತುಬಿಡಿ. ಅದನ್ನೂ ಅವನು ಕೇಳಿಸಿಕೊಳ್ಳುತ್ತಾನೆ. ಆಮೇಲೆ ಪುಸ್ತಕ ತೆರೆಯಿರಿ, ಒಂದೇ ಪುಟವಾದರೂ ಸರಿ. ನಿದ್ದೆ, ಊಟ ಎರಡೂ ಬಿಟ್ಟುಹೋಗಿದ್ದರೆ ಮಾತ್ರ ಒಂಟಿಯಾಗಿರಬೇಡಿ, ಮನೆಯವರಿಗೆ ಹೇಳಿ, ವೈದ್ಯರನ್ನು ನೋಡಿ. ಈ ವಾರ ಊರಿಗೆ ಹೋಗಿ ಅಮ್ಮನ ಕೈಯ ಊಟ ಮಾಡಿ ಬನ್ನಿ.