‘ಸ್ಪ್ರಿಂಗ್’ ಒಂದೇ ಪದವಾ, ಮೂರಾ?

ವಸಂತಕ್ಕೂ ಸ್ಪ್ರಿಂಗ್, ನೀರಿನ ಬುಗ್ಗೆಗೂ ಸ್ಪ್ರಿಂಗ್, ಪೆನ್ನಿನೊಳಗಿನ ಸುರುಳಿಗೂ ಸ್ಪ್ರಿಂಗ್. ಇವು ಬೇರೆ ಬೇರೆ ಪದಗಳಾಗಿದ್ದು ಸುಮ್ನೆ ಒಂದೇ ಥರ ಕೇಳಿಸುತ್ತವಾ ಅಂತ ಕೇಳಿದ್ದೀರಿ. ಇಲ್ಲ, ಮೂರಕ್ಕೂ ಬೇರು ಒಂದೇ.

ಹಳೆಯ ಇಂಗ್ಲಿಷಿನಲ್ಲಿ ‘ಸ್ಪ್ರಿಂಗನ್’ ಅಂದರೆ ನೆಗೆ, ಚಿಮ್ಮು. ಜರ್ಮನ್ನಿನಲ್ಲಿ ಇವತ್ತಿಗೂ ‘ಶ್ಪ್ರಿಂಗನ್’ ಅಂದರೆ ನೆಗೆಯುವುದೇ. ನೆಲದಿಂದ ನೀರು ಚಿಮ್ಮುವ ಜಾಗಕ್ಕೆ ಈ ಹೆಸರು ಆ ಕಾಲದಿಂದಲೇ ಇದೆ. ಸುರುಳಿಯದ್ದು ಬಿಡಿ, ಒತ್ತಿ ಬಿಟ್ಟರೆ ನೆಗೆಯುತ್ತದೆ, ಅಷ್ಟೇ.

ನಿಜವಾದ ಸ್ವಾರಸ್ಯ ಇರುವುದು ಋತುವಿನ ಹೆಸರಿನಲ್ಲಿ. ಮೊದಲು ಇಂಗ್ಲಿಷರು ವಸಂತಕ್ಕೆ ‘ಲೆಂಟ್’ ಎನ್ನುತ್ತಿದ್ದರು. ಅದು ‘ಲಾಂಗ್’ ಪದದ ನಂಟಿನದು, ಹಗಲು ಉದ್ದವಾಗುವ ಕಾಲ ಅಂತ. ಬರುಬರುತ್ತಾ ಆ ಪದ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೇ ಮೀಸಲಾಯಿತು. ಋತುವಿಗೆ ಹೊಸ ಹೆಸರು ಬೇಕಾಯಿತಲ್ವಾ? ಎಲೆ ಚಿಗುರುವ ಕಾಲವನ್ನು ‘ಸ್ಪ್ರಿಂಗ್ ಆಫ್ ದ ಲೀಫ್’, ‘ಸ್ಪ್ರಿಂಗ್ ಆಫ್ ದ ಇಯರ್’ ಎನ್ನತೊಡಗಿದರು. 16ನೇ ಶತಮಾನದ ಹೊತ್ತಿಗೆ ಬಾಲ ಉದುರಿ ಬರೀ ‘ಸ್ಪ್ರಿಂಗ್’ ಉಳಿಯಿತು. ಎಲೆ ಉದುರುವ ಕಾಲಕ್ಕೂ ಹೀಗೇ ಆಯಿತು. ‘ಫಾಲ್ ಆಫ್ ದ ಲೀಫ್’ ಹೋಗಿ ‘ಫಾಲ್’ ಆಯಿತು. ಅಮೆರಿಕದವರು ಅದನ್ನು ಉಳಿಸಿಕೊಂಡರು, ಬ್ರಿಟನ್ನಿನಲ್ಲಿ ‘ಆಟಮ್’ ಗೆದ್ದಿತು.

‘ಆಫ್‌ಸ್ಪ್ರಿಂಗ್’ (ಅಂದರೆ ಸಂತಾನ) ಕೂಡ ಇದೇ ಕುಟುಂಬದ್ದು. ಆದರೆ ‘ಸ್ಪ್ರಿಂಗ್ ಟೈಡ್’ ನೋಡಿ ಮೋಸ ಹೋಗಬೇಡಿ. ಅದಕ್ಕೂ ವಸಂತಕ್ಕೂ ಸಂಬಂಧವಿಲ್ಲ. ಸಮುದ್ರ ಜಾಸ್ತಿ ಉಕ್ಕುವ ಆ ಭರತ ವರ್ಷಪೂರ್ತಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಬರುತ್ತಲೇ ಇರುತ್ತದೆ.